ಚೆರುವತ್ತೂರಿನ ಉಂಗುರ, ಉಪಗ್ರಹದ ಗ್ರಹಣ

ಪ್ರಶ್ನೆ: ಮಾಷ್ಟ್ರೇ, 2019ರ ಡಿಸೆಂಬರ್ 26ರಂದು ಮನೆಯವರೆಲ್ಲ ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿಗೆ ಹೋಗಿ ಕಂಕಣ ಗ್ರಹಣ ನೋಡಿದ್ದೆವು. ಉಂಗುರ ಚೆನ್ನಾಗಿ ಕಂಡಿತು. ಆದರೆ ಪಾಠಪುಸ್ತಕದ ಚಿತ್ರಗಳಲ್ಲಿ ಸೂರ್ಯನ ಸುತ್ತ ಇರುವ ಬಿಳಿ ಪ್ರಭೆ ಕಾಣಲೇ ಇಲ್ಲ. ಈಗ ಎರಡು ಉಪಗ್ರಹಗಳು ಸೇರಿ ಗ್ರಹಣ ಮಾಡುತ್ತವೆ ಅಂತ ಮಗ ಹೇಳುತ್ತಾನೆ. ಹೌದಾ?
– ಓದುಗರು, ಬದಿಯಡ್ಕ

ಉತ್ತರ: ಮಗ ಹೇಳಿದ್ದು ಸರಿ. ಮೊದಲು ನಿಮ್ಮ ಉಂಗುರದ ವಿಷಯ ನೋಡೋಣ. ಆ ದಿನ ಚಂದ್ರ ಭೂಮಿಯಿಂದ ಸ್ವಲ್ಪ ದೂರದಲ್ಲಿದ್ದ. ಸೂರ್ಯನನ್ನು ಪೂರ್ತಿ ಮುಚ್ಚಲು ಅವನ ಗಾತ್ರ ಸಾಲಲಿಲ್ಲ. ನೀವು ಹುಡುಕಿದ ಬಿಳಿ ಪ್ರಭೆಯೇ ಕರೋನಾ. ಅದು ಸೂರ್ಯನ ಬೆಳಕಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು. ಅಂಚಿನಲ್ಲಿ ಒಂದೆಳೆ ಸೂರ್ಯ ಉಳಿದರೂ ಸಾಕು, ಅದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಪೂರ್ಣ ಗ್ರಹಣವೇ ಆಗಬೇಕು. (ಅವತ್ತು ಮನೆಯಲ್ಲೇ ಉಳಿದವರು ಅಂಗಳದ ಕಡೆ ನೋಡಿದ್ದರೆ ಬೇರೆಯೇ ಚಂದ ಇತ್ತು. ಹಲಸಿನ ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ, ಒಣಹಾಕಿದ ಅಡಕೆಯ ಮೇಲೆ ಪುಟ್ಟ ಪುಟ್ಟ ಉಂಗುರಗಳಾಗಿದ್ದವು. ಒಂದೊಂದೂ ಸೂರ್ಯನ ಚಿತ್ರವೇ.)

ನಿಮ್ಮ ಮಗ ಹೇಳಿದ್ದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಪ್ರೋಬಾ-3 ಬಗ್ಗೆ. ಉಡಾಯಿಸಿದ್ದು ಮಾತ್ರ ನಮ್ಮ ಪಿಎಸ್‌ಎಲ್‌ವಿ ರಾಕೆಟ್, 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ. ಒಂದು ಉಪಗ್ರಹದಲ್ಲಿ 1.4 ಮೀಟರ್ ಅಗಲದ ಬಿಲ್ಲೆ ಇದೆ. ಇನ್ನೊಂದರಲ್ಲಿ ಕ್ಯಾಮೆರಾ. ಬಿಲ್ಲೆ ಸೂರ್ಯನಿಗೆ ಅಡ್ಡ ನಿಲ್ಲುತ್ತದೆ, ಸುಮಾರು 150 ಮೀಟರ್ ಹಿಂದೆ ಅದರ ನೆರಳಿನಲ್ಲಿ ಕ್ಯಾಮೆರಾ ನಿಲ್ಲುತ್ತದೆ. ಅಡಕೆ ಗೊನೆ ನೋಡಲು ತಲೆಯೆತ್ತಿದಾಗ ಬಿಸಿಲು ಕಣ್ಣಿಗೆ ಹೊಡೆದರೆ ಅಂಗೈ ಅಡ್ಡ ಹಿಡಿಯುತ್ತೇವಲ್ಲ, ಕೆಲಸ ಅದೇ.

ಹಾಗಾದರೆ ಕ್ಯಾಮೆರಾದ ಮುಂದೆಯೇ ಒಂದು ಬಿಲ್ಲೆ ಅಂಟಿಸಿದರೆ ಸಾಲದಾ? ಸಾಲದು. ಬೆಳಕು ಬಿಲ್ಲೆಯ ಅಂಚಿನಲ್ಲಿ ಚೂರು ಬಾಗಿ ನೆರಳಿನೊಳಗೆ ನುಸುಳುತ್ತದೆ. ಬಿಲ್ಲೆ ಹತ್ತಿರ ಇದ್ದಷ್ಟೂ ಈ ಕಾಟ ಜಾಸ್ತಿ. ದೂರ ಇಟ್ಟರೆ ಸೂರ್ಯನ ಅಂಚಿಗೆ ತೀರಾ ತಾಗಿಕೊಂಡಿರುವ ಕರೋನಾ ಕೂಡ ಸಿಗುತ್ತದೆ. ಆದರೆ 150 ಮೀಟರ್ ಉದ್ದದ ದೂರದರ್ಶಕವನ್ನು ಯಾವ ರಾಕೆಟ್ಟಿನಲ್ಲಿ ತುಂಬಿಸುವುದು? ಹಾಗಾಗಿಯೇ ಎರಡು ತುಂಡು ಮಾಡಿ ಕಳಿಸಿದ್ದು.

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಕ್ಯಾಮೆರಾದ ಬಳಿ ಬೀಳುವ ನೆರಳಿನ ಅಗಲ ಬರೀ 8 ಸೆಂಟಿಮೀಟರ್. ಎರಡೂ ಉಪಗ್ರಹಗಳು ಓಡುತ್ತಾ ಇರುವಾಗಲೇ, ಮಿಲಿಮೀಟರ್ ಲೆಕ್ಕದಲ್ಲಿ ಜಾಗ ತಪ್ಪದೆ ಇರಬೇಕು. ಭೂಮಿಯ ಹತ್ತಿರ ಸೆಳೆತ ಜಾಸ್ತಿ, ಅಲ್ಲಿ ಈ ಆಟ ನಡೆಯುವುದಿಲ್ಲ. ಆದ್ದರಿಂದ ಭೂಮಿಯಿಂದ 60,000 ಕಿಲೋಮೀಟರಿನಷ್ಟು ದೂರ ಹೋಗುವ ಉದ್ದನೆಯ ಕಕ್ಷೆ ಕೊಟ್ಟಿದ್ದಾರೆ. ಒಂದು ಸುತ್ತಿಗೆ ಸುಮಾರು 20 ಗಂಟೆ. ಅದರಲ್ಲಿ ದೂರದ ತುದಿಯಲ್ಲಿರುವಾಗ 6 ಗಂಟೆಯವರೆಗೆ ಗ್ರಹಣ ಮಾಡಬಹುದು. ಚಂದ್ರ ಮಾಡುವ ಪೂರ್ಣ ಗ್ರಹಣ ಏಳೂವರೆ ನಿಮಿಷ ದಾಟುವುದಿಲ್ಲ, ಅದೂ ಎಲ್ಲೋ ಅಪರೂಪಕ್ಕೆ. ಪ್ರೋಬಾ-3ರ ಮೊದಲ ಕರೋನಾ ಚಿತ್ರಗಳು 2025ರ ಜೂನ್‌ನಲ್ಲಿ ಬಿಡುಗಡೆಯಾದವು. ಮಗನ ಹತ್ತಿರ ಕೇಳಿ ನೋಡಿ, ನೋಡಲೇಬೇಕಾದ ಚಿತ್ರಗಳು.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಬಿಸಿ. ಅದರಿಂದ ಹೊರಗೆ ಇರುವ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮೇಲೆ! ಒಲೆಯಿಂದ ದೂರ ಹೋದಂತೆ ಬಿಸಿ ಕಮ್ಮಿಯಾಗಬೇಕು ಅಲ್ವಾ? ಇಲ್ಲಿ ಉಲ್ಟಾ. ಕಾರಣ ಪೂರ್ತಿ ಇನ್ನೂ ಬಿಡಿಸಿಲ್ಲ. ಸೂರ್ಯನ ಕಾಂತಕ್ಷೇತ್ರದ ಕೈವಾಡ ಇದೆ ಅನ್ನುವಷ್ಟು ಒಪ್ಪಿಗೆ ಇದೆ.

ಪ್ರಶ್ನೆ: ಆದಿತ್ಯ ಎಲ್-1 ಸೂರ್ಯನ ಹತ್ತಿರ ಹೋಗಿ ಸುಟ್ಟು ಹೋಗುವುದಿಲ್ವಾ?
– ಓದುಗರು, ಮಂಜೇಶ್ವರ

ಉತ್ತರ: ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆ ನೌಕೆ ಹತ್ತಿರ ಹೋಗಿಯೇ ಇಲ್ಲ. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಆದಿತ್ಯ ಹೋದದ್ದು ಎಲ್-1 ಅನ್ನುವ ತಾಣದವರೆಗೆ, ಬರೀ 15 ಲಕ್ಷ, ಅಂದರೆ ನೂರರಲ್ಲಿ ಒಂದು ಪಾಲು. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಅಲ್ಲಿನ ಕಕ್ಷೆ ಸೇರಿತು. ಅಲ್ಲಿಂದ ಭೂಮಿಯಾಗಲಿ ಚಂದ್ರನಾಗಲಿ ಅಡ್ಡ ಬರುವುದಿಲ್ಲ. ಹಗಲು ರಾತ್ರಿ ಅನ್ನದೆ ಸೂರ್ಯನನ್ನು ನೋಡುತ್ತಲೇ ಇರಬಹುದು. ಕರೋನಾ ನೋಡುವ ಉಪಕರಣ ಅದರಲ್ಲೂ ಇದೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಮಾಡಿದ್ದು.

ನಿಜವಾಗಿ ಹತ್ತಿರ ಹೋದದ್ದು ನಾಸಾದ ಪಾರ್ಕರ್ ನೌಕೆ. 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿಲೋಮೀಟರ್ ದೂರದಲ್ಲಿ ದಾಟಿತು. ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ದಪ್ಪದ ಇಂಗಾಲದ ಗುರಾಣಿ ಅದನ್ನು ಕಾಯಿತು.

ಪ್ರಶ್ನೆ: ನಮ್ಮ ಊರಿಗೆ ಮುಂದಿನ ಸೂರ್ಯಗ್ರಹಣ ಯಾವಾಗ, ಸರ್?
– ವಿದ್ಯಾರ್ಥಿನಿ, ಮುಳ್ಳೇರಿಯ

ಉತ್ತರ: 2027ರ ಆಗಸ್ಟ್ 2, ಸಂಜೆ ಕಡೆಗೆ. ನಮಗೆ ಪಾರ್ಶ್ವ ಗ್ರಹಣ ಮಾತ್ರ. ಅದೂ ಮಳೆಗಾಲದ ಆಟಿ ತಿಂಗಳು, ಮೋಡದ ಎಡೆಯಲ್ಲಿ ಸೂರ್ಯ ಸಿಕ್ಕಿದರೆ ಪುಣ್ಯ! ಅದೇ ದಿನ ಈಜಿಪ್ಟಿನ ಲಕ್ಸರ್‌ನಲ್ಲಿ 6 ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ಣ ಗ್ರಹಣ. ದುಡ್ಡು, ರಜೆ ಎರಡೂ ಇರುವವರು ಅಲ್ಲಿಗೆ ಹೋಗಲಿ, ಸೂರ್ಯ ಪೂರ್ತಿ ಮುಚ್ಚಿದ ಹೊತ್ತಿನಲ್ಲಿ ಮಾತ್ರ ಕರೋನಾ ಬರಿಗಣ್ಣಿಗೇ ಕಾಣುತ್ತದೆ. 2031ರ ಮೇ 21ರ ಕಂಕಣ ಗ್ರಹಣ ಕೇರಳದ ದಕ್ಷಿಣ ಭಾಗ ಮತ್ತು ತಮಿಳುನಾಡಿನ ಮೇಲೆ ಹಾದುಹೋಗುತ್ತದೆ. ರೈಲು ಹತ್ತಿದರೆ ಉಂಗುರ ಸಿಗುತ್ತದೆ.

ಹಳೆಯ ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು ಬೇಡ. ಗ್ರಹಣದ ಕನ್ನಡಕವೇ ಬೇಕು, ಪಾರ್ಶ್ವ ಗ್ರಹಣಕ್ಕೂ ಕಂಕಣಕ್ಕೂ ಮೊದಲಿಂದ ಕೊನೆಯವರೆಗೆ.