ಕೈಯಿಂದ ಈಜಿಹೋದ ಮೀನು ಬದುಕಿತೇ?

ಓದುಗ ಮಿತ್ರರೇ,

ಶರತ್ಕಾಲದಲ್ಲಿ ಗಾಳಕ್ಕೆ ಸಿಕ್ಕ ಟ್ರೌಟ್ ಮತ್ತು ಪರ್ಚ್ ಮೀನುಗಳನ್ನು ನೀವು ಮತ್ತೆ ನೀರಿಗೇ ಬಿಡುತ್ತೀರಿ. ಎಲ್ಲವೂ ಬಾಲ ಬಡಿದು ಹೊರಟುಹೋಗುತ್ತವೆ. ಆದರೂ ಮರುದಿನ ಬೆಳಿಗ್ಗೆ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ‘ನೀರು ಇಷ್ಟು ತಣ್ಣಗಿರುವಾಗ ಹೀಗೇಕೆ?’ ಎಂಬುದು ನಿಮ್ಮ ಮೊದಲ ಪ್ರಶ್ನೆ. ‘ಸೀಸದಿಂದ ಹಕ್ಕಿಗಳಿಗೆ ವಿಷವೇರುತ್ತದೆ ಎಂಬ ತಕರಾರು ಬೇಟೆಗಾರರದ್ದು, ಗಾಳ ಹಾಕುವವರನ್ನು ಅದರೊಳಗೆ ಯಾಕೆ ಎಳೆಯುತ್ತೀರಿ?’ ಎಂಬುದು ಎರಡನೆಯದು.

ಮೀನು ಈಜಿಹೋಯಿತು ಎಂದಮಾತ್ರಕ್ಕೆ ಅದು ಬದುಕಿತು ಎಂದು ಹೇಳಲಾಗದು. ದಾರ ಎಳೆದಾಡುವಾಗ ಮೀನು ತನ್ನ ಬಿಳಿ ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಆಮ್ಲಜನಕವಿಲ್ಲದೆಯೇ ಉರಿಸುತ್ತದೆ. ರಕ್ತ ಆಮ್ಲೀಯವಾಗುತ್ತದೆ. ಅದು ಸರಿಹೋಗಲು ಹಲವು ಗಂಟೆ ಬೇಕು. ಕೈಬಿಟ್ಟ ಕ್ಷಣದ ಆ ಬಾಲದ ಬಡಿತ ಹೆದರಿಕೆಯ ಕೊನೆಯ ಜಿಗಿತವೂ ಆಗಿರಬಹುದು. ಸಾಯುವ ಮೀನುಗಳಲ್ಲಿ ಹೆಚ್ಚಿನವು ಸಾಯುವುದು ಮೊದಲ ಒಂದೆರಡು ದಿನಗಳಲ್ಲಿ, ಹಿಡಿದವರು ಮನೆಗೆ ಹೋದ ಮೇಲೆ. ನಿಮಗೆ ಎರಡು ಕಂಡವು. ತಳಕ್ಕೆ ಮುಳುಗಿದವು ಯಾರ ಕಣ್ಣಿಗೂ ಬೀಳುವುದಿಲ್ಲ.

ತಣ್ಣೀರಿನ ಬಗ್ಗೆ ನೀವು ಹೇಳಿದ್ದರಲ್ಲಿ ನಿಜವಿದೆ. 20 ಡಿಗ್ರಿ ಸೆಲ್ಸಿಯಸ್ ನೀರಿನ ಒಂದು ಲೀಟರಿನಲ್ಲಿ ಕರಗಿ ನಿಲ್ಲಬಲ್ಲ ಆಮ್ಲಜನಕ ಸುಮಾರು 9 ಮಿಲಿಗ್ರಾಂ. 10 ಡಿಗ್ರಿಯಲ್ಲಿ ಅದು 11ಕ್ಕಿಂತ ತುಸು ಹೆಚ್ಚು. ಬೇಸಿಗೆಯಲ್ಲಿ ನೀರು 20 ಡಿಗ್ರಿ ದಾಟಿದಾಗ ಟ್ರೌಟಿಗೆ ಗಾಳ ಹಾಕದಿರುವುದೇ ಸರಿ. ಶರತ್ಕಾಲದಲ್ಲಿ ಆ ಅಪಾಯ ಹಿಂದೆ ಸರಿಯುತ್ತದೆ, ಆದರೆ ಬೇರೆ ಮೂರು ಮುಂದೆ ಬರುತ್ತವೆ: ಗಾಳಿ, ಆಳ, ನಮ್ಮ ಕಾಲು.

ಗಾಳಿಯಿಂದ ಶುರುಮಾಡೋಣ. ಕಿವಿರಿನ ಎಳೆಗಳು ಪುಸ್ತಕದ ಹಾಳೆಗಳಂತೆ ಬಿಡಿಸಿಕೊಂಡು ನಿಲ್ಲುವುದು ನೀರಿನ ಆಸರೆ ಇರುವವರೆಗೆ ಮಾತ್ರ. ಮೀನನ್ನು ಮೇಲೆತ್ತಿದ ತಕ್ಷಣ ಅವು ಒಂದಕ್ಕೊಂದು ಅಂಟಿಕೊಂಡು, ಉಸಿರಾಟ ನಿಂತಂತೆಯೇ ಆಗುತ್ತದೆ. 1992ರಲ್ಲಿ ಪ್ರಕಟವಾದ, ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ವಿಜ್ಞಾನಿಗಳ ಪ್ರಯೋಗವನ್ನು ಈ ಮಾತು ಬಂದಾಗಲೆಲ್ಲ ನೆನೆಯಬೇಕು. ರೇನ್‌ಬೋ ಟ್ರೌಟ್‌ಗಳನ್ನು ಪೂರ್ತಿ ದಣಿಸಿ ಹಾಗೆಯೇ ನೀರಿನಲ್ಲಿ ಬಿಟ್ಟಾಗ 12 ಗಂಟೆಗಳ ನಂತರ ಶೇ 88ರಷ್ಟು ಬದುಕಿದ್ದವು. ದಣಿದ ಮೇಲೆ 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇ 62, 60 ಸೆಕೆಂಡು ಹಿಡಿದವುಗಳಲ್ಲಿ ಶೇ 28. ಅದು ಪ್ರಯೋಗಾಲಯದ ಕಠಿಣ ಪರೀಕ್ಷೆ. ಹೊಳೆಯಲ್ಲಿ ಪ್ರತಿ ಸಲ ಇಷ್ಟೇ ಸಾಯುತ್ತವೆ ಎಂದು ಓದಿಕೊಳ್ಳಬೇಡಿ. ಆದರೆ ಫೋಟೊಕ್ಕೆಂದು ಎತ್ತಿ ಹಿಡಿದು, ಫೋನ್ ಹುಡುಕಿ, ‘ಇನ್ನೊಂದು ತೆಗಿ’ ಎನ್ನುವಷ್ಟರಲ್ಲಿ ಒಂದು ನಿಮಿಷ ಎಷ್ಟು ಸಲೀಸಾಗಿ ಕಳೆದುಹೋಗುತ್ತದೆ ಎಂಬುದು ನಿಮಗೂ ಗೊತ್ತು. ಮೀನು ಕೈಬಲೆಯೊಳಗೆ, ನೀರಿನಲ್ಲೇ ಇರಲಿ. ಕ್ಯಾಮೆರಾ ಸಿದ್ಧವಾದ ಮೇಲೆ ಎತ್ತಿ, ಮೈಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಇಳಿಸಿಬಿಡಿ. ಹತ್ತು ಸೆಕೆಂಡು ಸಾಕು. ಹವೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದ ಮುಂಜಾನೆಗಳಲ್ಲಿ ಆ ಹತ್ತು ಸೆಕೆಂಡೂ ಬೇಡ; ಒದ್ದೆ ಕಿವಿರು ಹೆಪ್ಪುಗಟ್ಟಬಹುದು.

ಗಾಳದ ಮೊನೆಯ ಹಿಂದಿನ ಎದುರುಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಕೊಳ್ಳಿ. ಹತ್ತಿ ಬಟ್ಟೆಯ ಮೇಲೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ಇನ್ನೂ ಸರಿಯಾಗಿ ಅದುಮಿಲ್ಲ. ದಾರ ಬಿಗಿಯಾಗಿದ್ದರೆ ಮುಳ್ಳಿಲ್ಲದ ಗಾಳದಿಂದ ಮೀನು ತಪ್ಪಿಸಿಕೊಳ್ಳುವುದು ಕಡಿಮೆ, ಬಿಡಿಸಲು ಹಿಡಿಯುವ ಹೊತ್ತೂ ಕಡಿಮೆಯಾಗುತ್ತದೆ. ಬಲೆ ರಬ್ಬರಿನದ್ದಾಗಿರಲಿ. ಗಂಟುಗಂಟಾದ ನೈಲಾನ್ ಬಲೆ ಈಜುರೆಕ್ಕೆಯನ್ನು ಸೀಳುತ್ತದೆ, ಮೈಯ ಲೋಳೆಯನ್ನು ಒರೆಸಿಹಾಕುತ್ತದೆ. ಲೋಳೆ ಹೋದ ಜಾಗದಲ್ಲಿ ಕೆಲವೇ ದಿನಗಳಲ್ಲಿ ಹತ್ತಿಯಂಥ ಬಿಳಿ ಬೂಸ್ಟು ಹಿಡಿಯುತ್ತದೆ. ಒಣ ಕೈ, ಉಣ್ಣೆಯ ಕೈಗವಸು ಮಾಡುವ ಹಾನಿಯೂ ಇದೇ. ಗಾಳ ಗಂಟಲಿಗೆ ಇಳಿದಿದ್ದರೆ ಕೆದಕಲು ಹೋಗಬೇಡಿ. ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ, ಗಾಳ ಒಳಗಿರುವಂತೆಯೇ ಬಿಡಿ. ಎಷ್ಟೋ ಮೀನುಗಳು ಅದನ್ನು ದಿನ ಕಳೆದಂತೆ ಉದುರಿಸಿಕೊಳ್ಳುತ್ತವೆ. ಕಿತ್ತು ತೆಗೆದರೆ ಕಿವಿರಿನ ರಕ್ತನಾಳ ಹರಿಯುತ್ತದೆ.

ಬಿಡುವ ಮುನ್ನ ಮೂರು ಪರೀಕ್ಷೆ ಮಾಡಿ. ನೀರಿನಲ್ಲೇ ಮೀನನ್ನು ಪಕ್ಕಕ್ಕೆ ಹೊರಳಿಸಿದಾಗ ಕಣ್ಣುಗುಡ್ಡೆ ಮಟ್ಟ ಕಾಯ್ದುಕೊಳ್ಳಲು ತಿರುಗಬೇಕು. ಬೆನ್ನು ಕೆಳಗಾಗಿಸಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ತಾನೇ ಮಗುಚಿಕೊಳ್ಳಬೇಕು. ಬಾಲದ ಬುಡ ಹಿಡಿದರೆ ಕೊಸರಿಕೊಳ್ಳಬೇಕು. ಮೂರೂ ಇದ್ದರೆ ತಕ್ಷಣ ಬಿಡಿ. ಇಲ್ಲದಿದ್ದರೆ ನಿಧಾನ ಹರಿವಿನಲ್ಲಿ, ತಲೆ ಹರಿವಿಗೆ ಎದುರಾಗುವಂತೆ ಹಿಡಿದು ನಿಲ್ಲಿ. ಹಿಂದೆ ಮುಂದೆ ಆಡಿಸುವ ಅಭ್ಯಾಸ ಬಹಳ ಜನರಿಗಿದೆ, ಅದನ್ನು ಬಿಡಬೇಕು. ಹಿಂದಕ್ಕೆ ಎಳೆದಾಗ ನೀರು ಕಿವಿರಿನಲ್ಲಿ ಉಲ್ಟಾ ಹಾಯುತ್ತದೆ.

ಇನ್ನು ಆಳ. ಸತ್ತ ಎರಡೂ ಪರ್ಚ್ ಎಂದೂ, ಅವನ್ನು 12 ಮೀಟರ್ ಆಳದಿಂದ ಎತ್ತಿದ್ದೆಂದೂ ಬರೆದಿದ್ದೀರಿ. ನನಗೆ ಕಾಣುವ ಕಾರಣ ಅದೇ. ಕೆರೆ ತಣ್ಣಗಾಗುತ್ತಾ ಹೋದಂತೆ ಪರ್ಚ್ ಆಳಕ್ಕೆ ಇಳಿಯುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಅಲ್ಲಿಂದ ಎತ್ತಿದರೆ ಹೊಟ್ಟೆಯ ಗಾಳಿಚೀಲದ ಅನಿಲ ಹಿಗ್ಗಿ ದುಪ್ಪಟ್ಟಾಗಲು ನೋಡುತ್ತದೆ. ಟ್ರೌಟಿನ ಗಾಳಿಚೀಲದಿಂದ ಗಂಟಲಿಗೆ ನಾಳವಿದೆ, ಗಾಳಿಯನ್ನು ಹೊರಬಿಟ್ಟು ಬಚಾವಾಗುತ್ತದೆ. ಪರ್ಚಿಗೆ ಆ ದಾರಿಯಿಲ್ಲ. ಕಣ್ಣು ಉಬ್ಬುತ್ತದೆ, ಬಾಯಿಂದ ಗುಲಾಬಿ ಬಣ್ಣದ ಗುಳ್ಳೆ ಹೊರಬರುತ್ತದೆ. ಆ ಗುಳ್ಳೆಯನ್ನು ಗಾಳಿಚೀಲವೆಂದು ತಿಳಿದು ಸೂಜಿಯಿಂದ ಚುಚ್ಚುವವರಿದ್ದಾರೆ. ಅದು ಮೀನಿನ ಜಠರ. ದಯವಿಟ್ಟು ಚುಚ್ಚಬೇಡಿ. ಮೀನಿನ ಕೆಳದವಡೆಗೆ ಸಿಕ್ಕಿಸಿ ಭಾರ ಕಟ್ಟಿ ಆಳಕ್ಕಿಳಿಸಿ ಬಿಡುವ ಸಾಧನಗಳಿವೆ. ಅನಿಲ ಮತ್ತೆ ಕುಗ್ಗುವುದರಿಂದ ಅವು ಕೆಲಸಕ್ಕೆ ಬರುತ್ತವೆ. ಅದಕ್ಕಿಂತ ಮೇಲಾದದ್ದು, ಬಿಡುವ ಉದ್ದೇಶವಿದ್ದರೆ ಹತ್ತು ಮೀಟರಿಗಿಂತ ಆಳದಲ್ಲಿ ಪರ್ಚಿಗೆ ಗಾಳ ಹಾಕದಿರುವುದು. ಅಲ್ಲೇ ಹಿಡಿಯಬೇಕೆಂದಿದ್ದರೆ ನಿಯಮ ಒಪ್ಪುವಷ್ಟು ಹಿಡಿದು ಊಟಕ್ಕೆ ಒಯ್ಯಿರಿ, ಅಲ್ಲಿಗೆ ದಾರ ಸುತ್ತಿಕೊಳ್ಳಿ.

ಕಾಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಬ್ರೌನ್ ಟ್ರೌಟ್, ಬ್ರೂಕ್ ಟ್ರೌಟ್, ಅಟ್ಲಾಂಟಿಕ್ ಸಾಲ್ಮನ್ ಮೊಟ್ಟೆಯಿಡುವುದು ಎಲೆ ಉದುರುವ ಈ ಕಾಲದಲ್ಲೇ. ಹೆಣ್ಣು ಮೀನು ಪಕ್ಕಕ್ಕೆ ಹೊರಳಿ ಬಾಲದಿಂದ ಬಡಿದು ಸಣ್ಣ ಕಲ್ಲುಗಳ ನಡುವೆ ಗುಂಡಿ ತೋಡುತ್ತದೆ, ಮೊಟ್ಟೆಯಿಟ್ಟು ಮೇಲ್ಹರಿವಿನ ಕಲ್ಲುಗಳನ್ನೇ ಕೆಡವಿ ಮುಚ್ಚುತ್ತದೆ. ಸುತ್ತಲಿನ ಕಲ್ಲು ಪಾಚಿಗಟ್ಟಿ ಕಂದಾಗಿದ್ದರೆ ಅಲ್ಲೊಂದು ಉದ್ದುರುಟು ಜಾಗ ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ ಕಾಣುತ್ತದೆ: ಮೇಲ್ಹರಿವಿನಲ್ಲಿ ತಗ್ಗು, ಅದರ ಕೆಳಹರಿವಿನಲ್ಲಿ ಸಣ್ಣ ದಿಬ್ಬ. ಮೊಟ್ಟೆ ಇರುವುದು ದಿಬ್ಬದ ಕೆಳಗೆ. ತಗ್ಗನ್ನು ತಪ್ಪಿಸಿದೆನೆಂದು ದಿಬ್ಬದ ಮೇಲೆ ಕಾಲಿಟ್ಟರೆ ಅಲ್ಲಿಗೆ ಮುಗಿಯಿತು. 1992ರಲ್ಲೇ ಪ್ರಕಟವಾದ, ಅಮೆರಿಕದ ಮೊಂಟಾನಾ ರಾಜ್ಯದ ಪ್ರಯೋಗವೊಂದರಲ್ಲಿ, ಕಲ್ಲಿನಡಿ ಮೊಟ್ಟೆ ಮರಿಗಳು ಬೆಳೆಯುವಷ್ಟೂ ಕಾಲ ದಿನಕ್ಕೆ ಎರಡು ಸಲ ತುಳಿದಾಗ ಶೇ 96ರವರೆಗೆ ಸತ್ತವು. ಮೊಟ್ಟೆಯೊಡೆಯುವ ಮುಂಚೆ ಒಂದೇ ಸಲ ತುಳಿದದ್ದಕ್ಕೆ ಶೇ 43ರವರೆಗೆ. 5 ಡಿಗ್ರಿ ನೀರಿನಲ್ಲಿ ಬ್ರೌನ್ ಟ್ರೌಟ್ ಮೊಟ್ಟೆ ಒಡೆಯಲು ಸುಮಾರು 80 ದಿನ ಬೇಕು, ಆಮೇಲೂ ಮರಿಗಳು ವಾರಗಟ್ಟಲೆ ಕಲ್ಲಿನಡಿಯೇ ಇರುತ್ತವೆ. ಆದ್ದರಿಂದ ವಸಂತ ಬರುವವರೆಗೆ ಅಂಥ ಹೊಳೆಯಲ್ಲಿ ದಡದಿಂದಲೇ ಗಾಳ ಹಾಕಿ. ಗುಂಡಿಯ ಮೇಲೆ ಜೋಡಿಯಾಗಿ ನಿಂತ ಮೀನುಗಳಿಗಂತೂ ಗಾಳ ಹಾಕಲೇಬೇಡಿ.

ಸೀಸದ ವಿಷಯದಲ್ಲಿ ಬೇಟೆಗಾರರ ಪಾಲು ದೊಡ್ಡದು, ಒಪ್ಪುತ್ತೇನೆ. ಸೀಸದ ಬುಲೆಟ್ ಜಿಂಕೆಯ ಮೈಯೊಳಗೆ ಚೂರುಚೂರಾಗುತ್ತದೆ. ಬೇಟೆಗಾರ ಬಿಟ್ಟುಹೋದ ಕರುಳನ್ನು ತಿಂದ ಹದ್ದು, ರಣಹದ್ದುಗಳಿಗೆ ವಿಷವೇರುತ್ತದೆ. ಕಾಂಡರ್ ರಣಹದ್ದುಗಳು ಸಾಯುತ್ತಿದ್ದುದರಿಂದಲೇ ಕ್ಯಾಲಿಫೋರ್ನಿಯಾ ಹೆಜ್ಜೆ ಹೆಜ್ಜೆಯಾಗಿ ಮುಂದುವರಿದು, 2019ರ ಜುಲೈನಿಂದ ಬೇಟೆಗೆ ಸೀಸದ ಮದ್ದುಗುಂಡನ್ನು ಪೂರ್ತಿ ನಿಷೇಧಿಸಿತು. ಆದರೆ ಗಾಳದ ದಾರಕ್ಕೆ ಕಚ್ಚಿಸುವ ಸಣ್ಣ ಸೀಸದ ಗುಂಡೂ ಕೊಲ್ಲುತ್ತದೆ. ಹಂಸ, ಬಾತುಗಳು ಆಹಾರ ಅರೆಯಲು ಕಲ್ಲಿನ ಹರಳು ನುಂಗುತ್ತವೆ. ತಳದಲ್ಲಿ ಬಿದ್ದ ಗುಂಡು ಅವುಗಳ ಪಾಲಿಗೆ ಇನ್ನೊಂದು ಹರಳು. ಹೊಟ್ಟೆಯ ಅರೆಯುವ ಚೀಲದಲ್ಲಿ ಸೀಸ ಸವೆದು ರಕ್ತ ಸೇರುತ್ತದೆ. ಬ್ರಿಟನ್ ಹಂಸಗಳ ಸಾವು ತಡೆಯಲೆಂದೇ 1987ರಲ್ಲಿ ಸಣ್ಣ ಸೀಸದ ಭಾರಗಳ ಮಾರಾಟ ನಿಲ್ಲಿಸಿತು.

ಬದಲಿಗೆ ತವರ ಅಥವಾ ಟಂಗ್‌ಸ್ಟನ್ ಬಳಸಿ. ತವರ ಹಗುರ, ಅಷ್ಟೇ ತೂಕಕ್ಕೆ ಗುಂಡು ದಪ್ಪವಾಗುತ್ತದೆ. ಟಂಗ್‌ಸ್ಟನ್ ಸೀಸಕ್ಕಿಂತಲೂ ಸಾಂದ್ರ, ಹರಿವಿನಲ್ಲಿ ಬೇಗ ತಳ ಮುಟ್ಟುತ್ತದೆ. ಮನೆಯಲ್ಲಿ ಉಳಿದ ಸೀಸದ ಗುಂಡುಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ, ಹಳೆ ಲೋಹ ಕೊಳ್ಳುವವರಿಗೆ ಕೊಟ್ಟುಬಿಡಿ. ದಾರಕ್ಕೆ ಕೂರಿಸುವಾಗ ಅದನ್ನು ಹಲ್ಲಿನಿಂದ ಕಚ್ಚುವ ರೂಢಿ ನಿಮಗಿದ್ದರೆ ಇವತ್ತೇ ನಿಲ್ಲಿಸಿ.

– ಸಂಪಾದಕ