ಗೆಣಸಿನ ಪಾತಿಯನ್ನು ರಾತ್ರಿ ಅಗೆಯುವವರು ಯಾರು?

ಪ್ರಶ್ನೆ: ನಮ್ಮ ಮನೆ ಕಾಡಿನ ಅಂಚಿನಲ್ಲಿದೆ. ಹಿತ್ತಿಲಿನ ಗೆಣಸು, ಸುವರ್ಣಗಡ್ಡೆಗಳನ್ನು ಯಾವುದೋ ಪ್ರಾಣಿ ರಾತ್ರಿ ಬೇಲಿಯ ಬುಡ ತೋಡಿ ಒಳಬಂದು ತಿನ್ನುತ್ತಿದೆ. ಬೇಲಿಗೆ ಕರೆಂಟು ಕೊಡಿ ಎಂದು ನೆರೆಯವರು ಹೇಳುತ್ತಾರೆ. ಕೊಡಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಆ ಕೆಲಸ ಮಾಡಬೇಡಿ. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ನಸುಕಿನಲ್ಲಿ ಹಿತ್ತಿಲಿಗೆ ಹೋದ ಮನೆಯವರೇ ಅದಕ್ಕೆ ಬಲಿಯಾಗಬಹುದು. ಉರುಳು, ಸಿಡಿಮದ್ದುಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಮ್ಮನ್ನು ತೊಂದರೆಗೆ ಸಿಲುಕಿಸುತ್ತವೆ.

ಮೊದಲು ಪ್ರಾಣಿ ಯಾವುದೆಂದು ಗುರುತಿಸಿ. ಅಳಿದುಳಿದ ಗಡ್ಡೆಯ ಮೇಲೆ ಉಳಿಯಿಂದ ಕೆತ್ತಿದಂತೆ ಜೋಡಿ ಹಲ್ಲಿನ ಗೀರುಗಳಿದ್ದು, ಬೇಲಿಯ ಬಳಿ ಕಪ್ಪು-ಬಿಳಿ ಪಟ್ಟೆಯ ಮುಳ್ಳೊಂದು ಸಿಕ್ಕರೆ ಅದು ಮುಳ್ಳುಹಂದಿ. ಪಾತಿಯಿಡೀ ಉತ್ತಂತಾಗಿ ಸೀಳುಗೊರಸಿನ ಗುರುತು ಕಂಡರೆ ಕಾಡುಹಂದಿ. ನಿಮ್ಮ ವಿವರಣೆ ನೋಡಿದರೆ ಮುಳ್ಳುಹಂದಿಯೇ ಇರಬೇಕೆಂದು ನನ್ನ ಅಂದಾಜು.

ಅದು ಬೇಲಿ ಹಾರುವುದಿಲ್ಲ, ತೋಡುತ್ತದೆ. ಆದ್ದರಿಂದ ಬೇಲಿಯ ಎತ್ತರಕ್ಕಿಂತ ಬುಡಕ್ಕೆ ಖರ್ಚು ಮಾಡಿ: ಗಟ್ಟಿ ಕಬ್ಬಿಣದ ಜಾಲರಿಯನ್ನು ಒಂದೂವರೆ ಅಡಿ ಆಳಕ್ಕೆ ಹೂತು, ಅದರ ಕೆಳತುದಿಯನ್ನು ಹೊರಮುಖವಾಗಿ ಒಂದು ಅಡಿ ಬಾಗಿಸಿ ಮಣ್ಣು ಮುಚ್ಚಿ, ಮೇಲೆ ಕಲ್ಲು ಜೋಡಿಸಿ. ಇಡೀ ಹಿತ್ತಿಲಿಗೆ ಇದು ದುಬಾರಿ. ಗಡ್ಡೆಗಳ ಪಾತಿಗಳನ್ನೆಲ್ಲ ಮನೆಯ ಹತ್ತಿರ ಒಂದೆಡೆ ತಂದು, ಅಷ್ಟಕ್ಕೇ ಹಾಕಿಸಿದರೆ ಸಾಕು. ಗೇಟಿನ ಕೆಳಗಿನ ಸಂದಿಗೆ ಚಪ್ಪಡಿ ಹಾಸುವುದನ್ನು ಮರೆಯಬೇಡಿ.