ಕ್ರೇಪ್ ಹರಿದರೆ, ಹಣ್ಣು ಸೋರಿದರೆ

ಕಳೆದ ಸಂಚಿಕೆಯಲ್ಲಿ ಹಣ್ಣು ತುಂಬಿದ ಕ್ರೇಪ್, ಅಂದರೆ ಫ್ರಾನ್ಸಿನ ತೆಳು ಮೈದಾ ದೋಸೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಪ್ರಶ್ನೆಗಳು ಸಾಲುಗಟ್ಟಿದವು. ಎಲ್ಲದಕ್ಕೂ ಇಲ್ಲಿ ಜಾಗವಿಲ್ಲ. ಒಂದೇ ಥರದ್ದನ್ನು ಬಿಟ್ಟು ಕೆಲವನ್ನು ಆರಿಸಿದ್ದೇನೆ.

ಅಕ್ಕಾ, ಒಂದು ಕಪ್ ಮೈದಾ, ಎರಡು ಮೊಟ್ಟೆ, ಒಂದು ಕಪ್ ಹಾಲು ಮಿಕ್ಸಿಗೆ ಹಾಕಿ ಚೆನ್ನಾಗಿ ತಿರುವಿ ತಕ್ಷಣ ಹುಯ್ದೆ. ಮೊದಲನೆಯದು ಹರಿದೇ ಹೋಯಿತು. ಉಳಿದವು ರಬ್ಬರ್. ಎಲ್ಲಿ ತಪ್ಪಿದೆ? – ಓದುಗರು, ದಾವಣಗೆರೆ

ತಪ್ಪಿದ್ದು ಆ "ತಕ್ಷಣ"ದಲ್ಲಿ. ಮೈದಾವನ್ನು ಹಾಲಿನ ಜೊತೆ ಜೋರಾಗಿ ತಿರುವಿದರೆ ಅದರ ಗ್ಲುಟೆನ್, ಅಂದರೆ ಹಿಟ್ಟನ್ನು ಹಿಡಿದಿಡುವ ಜಿಗುಟು ಪ್ರೋಟೀನ್, ಬಿಗಿದುಕೊಳ್ಳುತ್ತದೆ. ಅರ್ಧ ಗಂಟೆಯಾದರೂ ಮುಚ್ಚಿಡಿ, ಒಂದು ಗಂಟೆ ಇಟ್ಟರೆ ಇನ್ನೂ ಒಳ್ಳೆಯದು. ಅದು ಸಡಿಲವಾಗುತ್ತದೆ, ಹಿಟ್ಟೂ ಹಾಲನ್ನು ಪೂರ್ತಿ ಕುಡಿಯುತ್ತದೆ. ಮಿಕ್ಸಿಯ ನೊರೆಯೂ ಅಷ್ಟರಲ್ಲಿ ಇಳಿಯುತ್ತದೆ. ನೊರೆ ಇದ್ದರೆ ಕ್ರೇಪ್ ತುಂಬಾ ತೂತು, ಆ ತೂತಿನಿಂದಲೇ ಹರಿಯೋದು.

ಹಾಲೂ ಕಮ್ಮಿಯಾಯಿತು. ನಿಮ್ಮ ಅಳತೆಗೆ ಒಂದೂಕಾಲು ಕಪ್ ಬೇಕು. ಎರಡು ಚಮಚ ಕರಗಿಸಿದ ಬೆಣ್ಣೆ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ. ಸಕ್ಕರೆ ಅದಕ್ಕಿಂತ ಜಾಸ್ತಿ ಬೇಡ, ತಳ ಹಿಡಿದು ಕಪ್ಪಾಗುತ್ತದೆ. ಸಿಹಿ ಹಣ್ಣಿನಿಂದ ಬರಲಿ. ಹಿಟ್ಟು ನೀರುದೋಸೆಯದಕ್ಕಿಂತ ಒಂಚೂರು ಗಟ್ಟಿ ಇರಬೇಕು, ಉದ್ದಿನ ದೋಸೆಯದಕ್ಕಿಂತ ತುಂಬಾ ತೆಳು. ಸೌಟನ್ನು ಅದ್ದಿ ಎತ್ತಿ, ಹಿಂಬದಿಯಲ್ಲಿ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಸರಿ.

ಇನ್ನು ಕಾವಲಿ. ದೋಸೆಗೆ ಈರುಳ್ಳಿ ಉಜ್ಜುವ ಕಬ್ಬಿಣದ ಕಾವಲಿಯನ್ನು ಇದಕ್ಕೆ ಮುಟ್ಟಬೇಡಿ. ಎಷ್ಟು ತೊಳೆದರೂ ಬಾಳೆಹಣ್ಣಿನ ಹಿಂದೆ ಮಸಾಲೆ ದೋಸೆ ಇಣುಕುತ್ತದೆ. ಹಿಡಿ ಇರುವ ಹಗುರ ನಾನ್‌ಸ್ಟಿಕ್ ಬಾಣಲೆ ಸಾಕು. ಮಧ್ಯಮ ಉರಿ. ಬೆಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಅರ್ಧ ಸೌಟು ಹುಯ್ಯಿರಿ. ಸೌಟಿನಿಂದ ತಿರುವಬೇಡಿ, ಬಾಣಲೆಯನ್ನೇ ಎತ್ತಿ ಸುತ್ತ ವಾಲಿಸಿ. ಮುಚ್ಚಳವೂ ಬೇಡ. ಮೇಲಿನ ಹಸಿ ಹೊಳಪು ಹೋಗಬೇಕು, ಅಂಚು ತಾನಾಗಿ ಬಿಟ್ಟು ಮೇಲೇಳಬೇಕು. ಆಗ ಮಗುಚಿ. ಅದಕ್ಕೂ ಮುಂಚೆ ಕೈ ಹಾಕಿದರೆ ಹರಿಯದೆ ಇನ್ನೇನು? ಎರಡನೇ ಬದಿಗೆ ಅರ್ಧ ನಿಮಿಷ ಸಾಕು. ತೆಗೆದದ್ದನ್ನು ಒಂದರ ಮೇಲೊಂದು ಪೇರಿಸಿಡಿ, ತಮ್ಮ ಹಬೆಯಲ್ಲೇ ಮೆತ್ತಗಾಗುತ್ತವೆ. ಮೊದಲನೆಯದು ಕೆಟ್ಟರೆ ಬೇಜಾರು ಬೇಡ, ಅದು ಉರಿ ನೋಡೋಕೆ. ಮಾಡುವವರೇ ಸುಮ್ನೆ ಬಾಯಿಗೆ ಹಾಕಿಕೊಳ್ಳೋದು.

ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುವಂತಿಲ್ಲ. ಗೋಧಿ ಹಿಟ್ಟಲ್ಲಿ ಮಾಡಬಹುದಾ? – ಓದುಗರು, ಹಾಸನ

ಮಾಡಬಹುದು. ಬರೀ ಚಪಾತಿ ಹಿಟ್ಟಾದರೆ ದಪ್ಪವಾಗಿ, ಗೋಧಿ ದೋಸೆಯ ರುಚಿ ಬರುತ್ತದೆ. ಅರ್ಧ ಗೋಧಿ, ಅರ್ಧ ಮೈದಾ, ಕಪ್ಪಿಗೆ ಎರಡು ಚಮಚ ಕಾರ್ನ್‌ಫ್ಲೋರ್ ಸೇರಿಸಿ. ಗೋಧಿ ಹಿಟ್ಟು ನೆನೆಯುತ್ತಾ ಹಾಲು ಎಳೆಯುತ್ತದೆ, ಹುಯ್ಯುವ ಮುಂಚೆ ಇನ್ನೊಂದಿಷ್ಟು ಹಾಲು ಹಾಕಿ ಸರಿಮಾಡಿಕೊಳ್ಳಿ. ಹಿಡಿದಿಡಲು ಮೊಟ್ಟೆ ಇಲ್ಲವಲ್ಲ, ಹಾಗಾಗಿ ಸಾಸರ್ ಅಗಲಕ್ಕೇ ನಿಲ್ಲಿಸಿ. ದೊಡ್ಡದು ಮಾಡಿದರೆ ಮಗುಚುವಾಗ ಕೈಕೊಡುತ್ತದೆ.

ನನ್ನನ್ನು ಕೇಳಿದರೆ, ಮೊಟ್ಟೆ ಬೇಡ ಅನ್ನುವವರು ನೀರುದೋಸೆಯನ್ನೇ ಹುಯ್ಯಲಿ. ಕರಾವಳಿಯಲ್ಲಿ ನೀರುದೋಸೆಗೆ ಕಾಯಿ-ಬೆಲ್ಲ ಮೊದಲಿಂದಲೂ ಜೋಡಿ. ಅದರ ಜೊತೆಗೆ ಹಣ್ಣನ್ನೂ ಸುತ್ತಿದರೆ ಯಾರು ಬೇಡ ಅಂತಾರೆ?

ಮಾವಿನಹಣ್ಣು ತುಂಬಿಸಿದರೆ ತಟ್ಟೆ ತುಂಬಾ ರಸ. ಕ್ರೇಪ್ ಒದ್ದೆಯಾಗಿ ಬಾಯಿಗಿಡುವ ಮೊದಲೇ ಬಿಚ್ಚಿಕೊಳ್ಳುತ್ತದೆ. ಯಾವ ಹಣ್ಣು ಹಾಕಲಿ? – ಓದುಗರು, ಸಾಗರ

ಯಾವ ಮಾವು ಅಂತ ಬರೆದಿಲ್ಲ. ರಸಪುರಿ ಆಗಿದ್ದರೆ ರಸ ಸೋರೋದು ಅದರ ಹುಟ್ಟುಗುಣ. ಅದನ್ನು ಹಿಂಡಿ ಮೇಲೆ ಹುಯ್ದುಕೊಳ್ಳಿ. ಒಳಗೆ ಹಾಕೋಕೆ ಬಾದಾಮಿ ಅಥವಾ ಮಲ್ಲಿಕಾ, ಅದೂ ಒತ್ತಿದರೆ ಸ್ವಲ್ಪ ಬಿಗಿ ಇರುವುದು. ಹೆಚ್ಚಿದ ಹೋಳಿಗೆ ಮೊದಲೇ ಸಕ್ಕರೆ ಬೆರೆಸಿಡಬೇಡಿ, ನೀರು ಬಿಡುತ್ತದೆ. ಒಂದು ಚಮಚ ತುಪ್ಪದಲ್ಲಿ ಹೋಳು ಹಾಕಿ, ಜೋರು ಉರಿಯಲ್ಲಿ ಎರಡು ನಿಮಿಷ ಬಾಡಿಸಿ, ಕಡೆಗೆ ಒಂದಿಷ್ಟು ಬೆಲ್ಲದ ಪುಡಿ, ನಾಲ್ಕು ಹನಿ ನಿಂಬೆರಸ. ತಳದಲ್ಲಿ ರಸ ನಿಲ್ಲದೆ ಹೋಳಿಗೇ ಅಂಟಿಕೊಂಡಾಗ ಇಳಿಸಿ, ಪೂರ್ತಿ ಆರಿಸಿ. ಬಿಸಿ ಹಣ್ಣು ತುಂಬಿದರೂ ಕ್ರೇಪ್ ಬೆವರುತ್ತದೆ.

ಇನ್ನೊಂದು ಉಪಾಯ ಇದೆ. ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ ಗಟ್ಟಿ ಮೊಸರಿಗೆ ಏಲಕ್ಕಿ, ಸಕ್ಕರೆ ಹಾಕಿ ಮೊದಲು ಬಳಿಯಿರಿ, ಅದರ ಮೇಲೆ ಹಣ್ಣು. ರಸ ಮೊಸರಿನಲ್ಲೇ ನಿಲ್ಲುತ್ತದೆ. ಹಣ್ಣು ಮಧ್ಯದಲ್ಲಿ ಗುಡ್ಡೆ ಬೇಡ, ಒಂದು ಅಂಚಿನ ಹತ್ತಿರ ಉದ್ದಕ್ಕೆ ಸಾಲಾಗಿಟ್ಟು ಸುತ್ತಿ. ತಿನ್ನೋಕೆ ಕೂತ ಮೇಲೆಯೇ ಸುತ್ತಬೇಕು. ಟಿಫನ್ ಡಬ್ಬಿಗಾದರೆ ಕ್ರೇಪ್ ಬೇರೆ, ಹಣ್ಣು ಬೇರೆ.

ಶುರು ಮಾಡುವವರಿಗೆ ಏಲಕ್ಕಿ ಬಾಳೆಯಷ್ಟು ಸಲೀಸು ಯಾವುದೂ ಇಲ್ಲ. ಬಿಲ್ಲೆ ಹೆಚ್ಚಿ ತುಪ್ಪದಲ್ಲಿ ಎರಡೂ ಬದಿ ಕೆಂಪಗಾಗಿಸಿ. ನಂಜನಗೂಡು ರಸಬಾಳೆ ಸಿಕ್ಕರೆ ದಯವಿಟ್ಟು ಬಾಣಲೆಗೆ ಹಾಕಬೇಡಿ, ಹಾಗೇ ತಿನ್ನಿ.

ಅನಾನಸ್ ಮತ್ತು ಕೆನೆ ಹಾಕಿ ಮಾಡಿಟ್ಟೆ. ಸಂಜೆ ಹೊತ್ತಿಗೆ ಕಹಿ! – ಓದುಗರು, ತುಮಕೂರು

ಹಸಿ ಅನಾನಸ್‌ನಲ್ಲಿ ಬ್ರೋಮೆಲೈನ್ ಎಂಬ ಕಿಣ್ವ ಇದೆ. ಅದು ಹಾಲಿನ ಪ್ರೋಟೀನ್ ಒಡೆದು ಕಹಿ ಮಾಡುತ್ತದೆ. ಕಿವಿ ಹಣ್ಣಿಗೂ ಇಂಥದ್ದೇ ಬುದ್ಧಿ. ಅನಾನಸ್ ಹೋಳನ್ನು ಸಕ್ಕರೆ ಜೊತೆ ಕುದಿಸಿ ಗಟ್ಟಿ ಮಾಡಿ, ಆರಿಸಿ ಬಳಸಿ. ಬೇಯಿಸಿದರೆ ಆ ತಂಟೆ ಇಲ್ಲ.

ಹಲಸು ಆಗುತ್ತಾ? – ಓದುಗರು, ಪುತ್ತೂರು

ನೀವು ಕೇಳುವುದಾ ಮಾರಾಯ್ರೆ! ಗಟ್ಟಿ ತೊಳೆಯ ಬಕ್ಕೆಯಾದರೆ ಸಣ್ಣಗೆ ಹೆಚ್ಚಿ, ತೆಂಗಿನತುರಿ-ಬೆಲ್ಲದ ಜೊತೆ ಬಾಡಿಸಿ. ಭರಣಿಯಲ್ಲಿ ಪಾಯಸಕ್ಕೆಂದು ಇಟ್ಟ ಬೆರಟಿ (ಹಲಸಿನ ಹಣ್ಣನ್ನು ಕಾಯಿಸಿ ಗಟ್ಟಿ ಮಾಡಿದ್ದು) ಇದ್ದರೆ ಒಂದು ಉಂಡೆಯನ್ನು ದಪ್ಪ ಕಾಯಿಹಾಲಿನಲ್ಲಿ ಸಡಿಲಿಸಿ ಬಳಿಯಿರಿ. ಮೇಲೆ ಹುರಿದ ಎಳ್ಳು. ಹಣ್ಣಿನ ಕಾಲವೇ ಬೇಕಾಗಿಲ್ಲ.

ಫ್ರಾನ್ಸಿನ ರೆನ್ ಊರಲ್ಲಿ ಓದುತ್ತಿದ್ದೇನೆ. ಫೆಬ್ರವರಿ 2ಕ್ಕೆ ಇಲ್ಲಿ ಎಲ್ಲರೂ ಕ್ರೇಪ್ ಮಾಡುತ್ತಾರೆ. ಅಂಗಡಿಯಿಂದ ಸರಾಸಿನ್ ಅನ್ನೋ ಹಿಟ್ಟು ತಂದೆ. ಬೂದುಬಣ್ಣ, ಮಡಚಿದರೆ ಬಿರುಕು. ಸ್ಟ್ರಾಬೆರಿಗೂ ಸೇರಲಿಲ್ಲ. – ವಿದ್ಯಾರ್ಥಿನಿ

ನೀವು ತಂದದ್ದು ನಮ್ಮ ಉತ್ತರದವರು ನವರಾತ್ರಿ ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟು ಕಣಮ್ಮಾ. ಅದರಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಬಿರುಕು. ನೀವಿರುವ ಬ್ರಿಟನಿ ಪ್ರಾಂತ್ಯದಲ್ಲಿ ಅದರಿಂದ ಗಲೆಟ್ ಮಾಡುತ್ತಾರೆ. ಅದು ಚೀಸ್, ಮೊಟ್ಟೆ ಹಾಕಿ ತಿನ್ನುವ ಖಾರಾ-ಉಪ್ಪಿನ ಊಟ. ಸಿಹಿ ಕ್ರೇಪಿಗೆ ಫ್ರೊಮಾಂ ಅಂತ ಬರೆದ ಗೋಧಿ ಹಿಟ್ಟಿನ ಪೊಟ್ಟಣ ತನ್ನಿ. ಉಳಿದ ಕುಟ್ಟು ಹಿಟ್ಟಿಗೆ ಈರುಳ್ಳಿ, ಹಸಿಮೆಣಸು ಹಾಕಿ ರೊಟ್ಟಿ ತಟ್ಟಿ, ವ್ಯರ್ಥ ಯಾಕೆ?

ಶಾಂದೆಲರ್ ಅನ್ನುವ ಆ ಹಬ್ಬದ ದಿನ ಒಂದು ಕೈಯಲ್ಲಿ ನಾಣ್ಯ ಹಿಡಿದು ಇನ್ನೊಂದು ಕೈಯಲ್ಲಿ ಕ್ರೇಪ್ ಹಾರಿಸಿ ಮಗುಚಿದರೆ ವರ್ಷವಿಡೀ ದುಡ್ಡಿಗೆ ತೊಂದರೆ ಇಲ್ಲ ಅನ್ನೋ ನಂಬಿಕೆ ಅಲ್ಲಿದೆ. ಫೆಬ್ರವರಿಯಲ್ಲಿ ಸ್ಟ್ರಾಬೆರಿ ದುಬಾರಿಯೂ ಹೌದು, ಸಪ್ಪೆಯೂ ಹೌದು. ಸೇಬು ತಗೊಳ್ಳಿ. ಬೆಣ್ಣೆ, ಸಕ್ಕರೆ, ಚಿಟಿಕೆ ದಾಲ್ಚಿನ್ನಿ ಹಾಕಿ ಹೋಳು ಅಂಚಲ್ಲಿ ಮೆತ್ತಗಾಗುವವರೆಗೆ ಬಾಡಿಸಿ. ಅಲ್ಲಿನ ಉಪ್ಪು ಬೆಣ್ಣೆ ಅದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ.